ದುಭಾಷಿಯ ಎಡಗಿವಿ

ಅವರ ಎಡಗಿವಿ ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಮುದುಡಿ ತಲೆಗೆ ಅಂಟಿಕೊಂಡಿತ್ತು. ಸದಾ ಅದರಲ್ಲಿ ಹತ್ತಿ. ಯಾರಾದರೂ ಮಾತಾಡಿಸಿದರೆ ಬಲಗಿವಿಯನ್ನು ಅವರತ್ತ ತಿರುಗಿಸುತ್ತಿದ್ದರು. ಜಪಾನಿನವರು ಹೊಡೆದು ಹಾಗಾಯಿತೆಂದು ಮುಳಬಾಗಿಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ.

ಯುದ್ಧ ಮುಗಿದ ಮರುವರ್ಷ ಅವರು ತಾಯಲೂರಿನ ನಮ್ಮ ಮನೆಗೆ ಬಂದರು. ನನ್ನ ಅಣ್ಣನೂ ಅವರೂ ಒಂದೇ ಪಟಾಲಮ್ಮಿನವರು, ಸಿಂಗಪುರದಲ್ಲಿ ಒಟ್ಟಿಗೆ ಸೆರೆಸಿಕ್ಕಿದವರು. ಅಣ್ಣ ಜ್ವರದಿಂದ ಸತ್ತನೆಂದು ಸರ್ಕಾರದ ಕಾಗದ ಬಂದಿತ್ತು. ನನಗಾಗ ಇಪ್ಪತ್ತೆರಡು, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಕೂರಿ ಎಂದರೂ ಅವರು ಕೂರಲಿಲ್ಲ. ಅಮ್ಮನೆದುರು ನಿಂತೇ ಹೇಳಿದರು. ಸೆರೆಯಾಳುಗಳಲ್ಲಿ ಜಪಾನಿ ಕಲಿತವರು ಅವರೊಬ್ಬರೇ, ಹಾಗಾಗಿ ಅವರೇ ದುಭಾಷಿ. ಬೆಳಿಗ್ಗೆ ಹಾಜರಿಯ ಸಾಲಿನಲ್ಲಿ ಏನು ತಪ್ಪಾದರೂ ಕಾವಲಿನವನು ಯಾಕೆಂದು ಕೇಳುತ್ತಿದ್ದ. ‘ನನ್ನಿಂದ ಆಯ್ತು’ ಎಂದು ಇವರು ಹೇಳಬೇಕು, ಕಪಾಳಕ್ಕೆ ಏಟು ತಿನ್ನಬೇಕು, ಅಲ್ಲಿಗೆ ಮುಗಿಯಿತು. ಸಾಲಿನವರೆಲ್ಲ ಸೇರಿ ಮಾಡಿಕೊಂಡ ಒಪ್ಪಂದ ಅದು. ಬದಲಿಗೆ ಒಬ್ಬೊಬ್ಬರೂ ತಮ್ಮ ಅನ್ನದಲ್ಲಿ ಒಂದು ತುತ್ತು ಇವರಿಗೆ ಕೊಡುತ್ತಿದ್ದರು.

“ಅವರ ಮಾತಲ್ಲಿ ಒಳ್ಳೇದಾದ್ರೆ ಕಾರಣ ಹೇಳಕ್ಕೆ ಒಂದು ಪದ, ಕೆಟ್ಟದಾದ್ರೆ ಇನ್ನೊಂದು ಐತಮ್ಮಾ. ಕೆಟ್ಟದಕ್ಕೆ ‘ಸೇಯಿ’ ಅಂತಾರೆ. ಯಾರ ಹೆಸರಿಗೆ ಅದನ್ನ ಸೇರಿಸ್ತೀವೋ ಏಟು ಅವರಿಗೆ. ಮೂರು ವರ್ಷ ನನಗೇ ಸೇರಿಸ್ಕೊಂಡೆ. ಆವತ್ತು ಕಿವಿ ಕೀವು ತುಂಬಿ ಸಿಡೀತಿತ್ತು. ಇನ್ನೊಂದು ಏಟು ತಡೆಯಕ್ಕಾಗಲ್ಲ ಅನ್ನಿಸ್ತು. ಕೆಲಸ ಯಾಕೆ ತಡ ಅಂದ ಕಾವಲಿನೋನು. ನಿಮ್ಮ ಮಗ ಜ್ವರದಲ್ಲಿ ಏಳಕ್ಕಾಗ್ದೆ ಮಲಗಿದ್ದ. ಅವನ ಹೆಸರು ಹೇಳ್ಬಿಟ್ಟೆ.”

ಅಣ್ಣನನ್ನು ಬಿದಿರ ದೊಣ್ಣೆಯಲ್ಲಿ ಹೊಡೆದರಂತೆ. ಮೊದಲು ಮೊಣಕಾಲು, ಆಮೇಲೆ ಪಕ್ಕೆ, ಆಮೇಲೆ ತಲೆ.

“ಸಾಯೋ ಮುಂಚೆ ನೀರು ಕೇಳ್ದ ಅಮ್ಮಾ. ಕೊಡಕ್ಕೆ ಬಿಡ್ಲಿಲ್ಲ.”

“ಲೇ, ನಮ್ಮಣ್ಣನ್ನ ಕೊಂದೋನು ನೀನೇನ್ಲಾ!” ಎಂದು ನಾನು ಎದ್ದೆ. ಮೂಲೆಯಲ್ಲಿದ್ದ ಬಾರುಕೋಲು ಕೈಗೆ ಬಂತು. ಹಿಡಿಯ ಕಡೆಯಿಂದಲೇ ಬೀಸಿದೆ. ಭುಜಕ್ಕೆ, ಬೆನ್ನಿಗೆ, ಕೊನೆಗೆ ಅದೇ ಕಿವಿಗೆ, ಎರಡು ಸಲ. ಅವರು ಕೈ ಅಡ್ಡ ತರಲಿಲ್ಲ. ಎರಡೂ ಕೈ ತೊಡೆಗೆ ಅಂಟಿಸಿ ಸಾಲಿನಲ್ಲಿ ನಿಂತಂತೆ ನಿಂತಿದ್ದರು. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಏರಿತು. ರಕ್ತ ಕತ್ತಿಗಿಳಿದು ಅಂಗಿ ತೊಯ್ದಾಗ ಅಮ್ಮ, “ಸಾಕು ಬಿಡೋ” ಎಂದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು.

“ನನ್ ಮಗನಿಗೆ ಸಿಗದಿದ್ದ ನೀರು ಇದು. ಕುಡಿದು ಹೋಗು.”

ಕುಡಿದು ಹೋದರು. ಪೀಡೆ ತೊಲಗಿತು ಎಂದುಕೊಂಡೆ. ಮುಂದಿನ ಭಾನುವಾರ ತಲೆಗೆ ಬಟ್ಟೆ ಸುತ್ತಿಕೊಂಡು ಮತ್ತೆ ಬಂದರು! ಯಾರನ್ನೂ ಕೇಳದೆ ತೋಟಕ್ಕಿಳಿದು, ಅಣ್ಣ ಇದ್ದಿದ್ದರೆ ಮಾಡುತ್ತಿದ್ದ ಕೆಲಸವೆಂದು ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿದರು. ಅಮ್ಮ ಕೊಟ್ಟ ನೀರು ಕುಡಿದು ಹೊರಟರು. ಎರಡು ವರ್ಷ ಹೀಗೇ ನಡೆಯಿತು. ರೇಷ್ಮೆಹುಳು ಸತ್ತರೂ, ಸೊಪ್ಪು ಒಣಗಿದರೂ “ನನ್ನಿಂದ ಆಯ್ತಪ್ಪಾ” ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ? ಬರಬರುತ್ತ ಭಾನುವಾರ ಬಂತೆಂದರೆ ದಾರಿ ನೋಡುವುದು ನನಗೇ ಅಭ್ಯಾಸವಾಯಿತು. ಅವರು ನನಗೆ ಬೇಕಾದವರಾಗಿದ್ದರು.

ಕೊನೆಗೆ ಕಿವಿ ಊದಿ, ಜ್ವರ ಏರಿ, ತೋಟದಲ್ಲೇ ಬಿದ್ದರು. ಕೋಲಾರದ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಡಾಕ್ಟರು ಹತ್ತಿ ತೆಗೆದು ನೋಡಿದರು.

“ಒಳಗೆ ಮೂಳೆ ಒಡೆದಿದೆಯಲ್ರೀ. ಹೆಂಗಾಯ್ತು ಇದು?”

“ನಾನೇ ಬಿದ್ದೆ ಸ್ವಾಮಿ,” ಎಂದರು ಅವರು.

ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ.

“ಇಲ್ಲ ಸ್ವಾಮಿ, ನನ್ನಿಂದ ಆಯ್ತು. ನಾನು ಹೊಡೆದೆ.”

ಅವರು ಬಲಗಿವಿಯನ್ನು ನನ್ನತ್ತ ತಿರುಗಿಸಿ ಕೇಳಿಸಿಕೊಂಡಿದ್ದರು. “ಯಾಕಪ್ಪಾ ಹೇಳಕ್ಕೋದೆ?” ಎಂದರು, ಅಷ್ಟೇ.

ಕೀವು ಮಿದುಳಿಗೆ ಇಳಿದಿತ್ತು. ಮೂರನೆಯ ದಿನ ಬೆಳಿಗ್ಗೆ ನೀರು ಕೇಳಿದರು. ತಲೆ ಎತ್ತಿ ಹಿಡಿದು ನಾನೇ ಕುಡಿಸಿದೆ. ಚೊಂಬು ಕೆಳಗಿಡುವಷ್ಟರಲ್ಲಿ ಹೋಗಿಬಿಟ್ಟಿದ್ದರು.