ನಿಮ್ಮದು ಯಾವ ದೋಣಿ?

ತೈಲ ಬೆಲೆ ಕುಸಿದು ಮಸ್ಕತ್ತಿನ ಘಾಲಾದ ನಮ್ಮ ವರ್ಕ್‌ಶಾಪಿನಲ್ಲಿ ಕೆಲಸ ಕಮ್ಮಿಯಾಗಿತ್ತು. ಪೆಸಿಫಿಕ್ ದ್ವೀಪವೊಂದರ ದಡದಲ್ಲಿ ಕೊಲೆಯಾದ ನಾವಿಕನೊಬ್ಬನ ಕಥೆ ಓದುತ್ತಿದ್ದೆ. ಅವನೇ ಮೊದಲು ಗುಂಡು ಹಾರಿಸಿದ ಎಂದು ಒಬ್ಬ ಸಂಗಡಿಗ, ತಡೆಯಲು ಕೈಯೆತ್ತಿದ್ದ ಎಂದು ಇನ್ನೊಬ್ಬ. ತಮ್ಮ ದೋಣಿ ದೂರವಿತ್ತು ಎಂದು ಮಾತ್ರ ಎಲ್ಲರೂ.

“ಕಂಡದ್ದನ್ನು ಹೇಳೋಕೆ ಇವರಿಗೇನು ಧಾಡಿ?” ಎಂದು ಫೋರ್‌ಮನ್ ಶೆಟ್ಟರಿಗೆ ಆ ಕಥೆ ಹೇಳಿ ಕೂಗಾಡಿದೆ.

ಅದೇ ವಾರ ಕ್ರೇನಿನಿಂದ ಪಂಪು ಬಿದ್ದು ಪುಡಿಯಾಯಿತು. ಎತ್ತುವ ಬೆಲ್ಟು ಸವೆದಿದೆ ಎಂದು ಕ್ರೇನಿನವನು ಹೇಳಿದರೂ “ಯಲ್ಲಾ, ಯಲ್ಲಾ” ಎಂದು ಅವಸರಪಡಿಸಿ ಎತ್ತಿಸಿದ್ದು ಮ್ಯಾನೇಜರು; ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ಅವರೆದುರೇ ಕೂತು ಹೇಳಿಕೆ ಬರೆಯಬೇಕು. “ನಾನು ದೂರ, ಗೇಟಿನ ಬಳಿ ಇದ್ದೆ” ಎಂದು ಬರೆದೆ.

ಪಕ್ಕದಲ್ಲಿದ್ದ ಶೆಟ್ಟರು ಬಗ್ಗಿ ಓದಿ, “ನಿಮ್ಮದು ಯಾವ ದೋಣಿ ಮಾರಾಯ್ರೆ?” ಎಂದರು.

ಹಾಳೆ ಹರಿದು, ಕಂಡದ್ದನ್ನೆಲ್ಲ ಹೆಸರು ಸಮೇತ ಬರೆದುಕೊಟ್ಟೆ. ಪುಸ್ತಕದ ಕೊನೆಯ ಅಧ್ಯಾಯ ಓದಿದ್ದು, ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟ ವಿಮಾನದಲ್ಲಿ.