ಎದೆಯ ಮೇಲೆ ಮಾಡಿದ ಆಣೆ

ನನ್ನ ಗಂಡನಿಗೆ ಎತ್ತುಗಳೆಂದರೆ ನನಗಿಂತ ಒಂದು ಕೈ ಹೆಚ್ಚು. ಕಾಖಂಡಕಿಯ ನಮ್ಮ ಹಿತ್ತಲಲ್ಲಿ ಅಂದು ಬೆಳಿಗ್ಗೆ ಎತ್ತುಗಳ ಮೈ ತೊಳೆಯುವಾಗ, ಅವರೇ ಕರುವಾಗಿದ್ದಾಗಿನಿಂದ ಸಾಕಿದ ಬಿಳಿ ಎತ್ತು ತಲೆ ಎಗರಿಸಿ ಅವರ ಎದೆಗೆ ಗುದ್ದಿತು. ಕೊಂಬು ತಾಗಲಿಲ್ಲ, ಒಂದು ಹನಿ ರಕ್ತವೂ ಬರಲಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದವರು ನನ್ನ ಕೈ ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡರು.

"ನನ್ನ ಮ್ಯಾಲ ಆಣಿ ಮಾಡು. ಎತ್ತು ಹಾಯ್ತು ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ."

ಹಾಯುವ ಎತ್ತೆಂದು ಹೆಸರು ಬಿದ್ದರೆ ಮಾವ ಅದನ್ನು ಮಾರಿಬಿಡುತ್ತಿದ್ದರು. ನಾನು ಆಣೆ ಮಾಡಿದೆ. ಯಾರ ಮೇಲೆ ಆಣೆ ಮಾಡಿರುತ್ತೇವೋ, ಅದನ್ನು ಮುರಿದರೆ ಅವರ ಜೀವಕ್ಕೇ ಕೇಡು ಎನ್ನುತ್ತಾರೆ ನಮ್ಮಲ್ಲಿ. ಕಾಲೇಜು ಓದಿದವಳಾದರೂ ನಾನು ಅದನ್ನು ನಂಬುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವರು ಬೆವೆತು ತೊಪ್ಪೆಯಾದರು, ಉಸಿರು ಸಾಲದಾಯಿತು. ವಿಜಯಪುರದ ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರಮ್ಮ ಕೇಳಿದರು: "ಹಾರ್ಟ್ ಅಟ್ಯಾಕ್ ಇದ್ದಂಗ ಕಾಣ್ತೈತಿ. ಎದಿಗೆ ಪೆಟ್ಟೇನರ ಬಿದ್ದೈತೇನ್ರಿ?"

ಗಂಡ ಇಲ್ಲವೆಂದು ತಲೆಯಾಡಿಸಿದರು. ಡಾಕ್ಟರಮ್ಮ ನನ್ನತ್ತ ತಿರುಗಿದರು. "ರಕ್ತ ತೆಳು ಮಾಡೋ ಇಂಜೆಕ್ಷನ್ ಕೊಡಾಕತ್ತೇವ್ರಿ. ಪೆಟ್ಟು ಬಿದ್ದಿದ್ರ ಅದ ಜೀವಾ ತಗೀತೈತಿ."

ಹೇಳಿದರೂ ಸಾವು, ಹೇಳದಿದ್ದರೂ ಸಾವು. ನನಗೆ ಎತ್ತಿನ ಮೇಲೆ, ಗಂಡನ ಮೇಲೆ, ಆಣೆ ಮಾಡಿದ ನನ್ನ ಕೈಯ ಮೇಲೂ ಸಿಟ್ಟು ಬಂತು.

"ಎತ್ತು ಗುದ್ದೈತ್ರೀ ಡಾಕ್ಟರ್ ಬಾಯಾರ!"

ಇಂಜೆಕ್ಷನ್ ಅಲ್ಲೇ ನಿಂತಿತು. ಎಕೋ ಯಂತ್ರ ತಂದು ಎದೆಗೆ ಹಚ್ಚಿದರು. ಪರದೆಯ ಮೇಲೆ ಹೃದಯ, ಅದರ ಸುತ್ತ ಕಪ್ಪು ಪಟ್ಟಿ. "ಹೃದಯದ ಸುತ್ತಲಿನ ಚೀಲದಾಗ ರಕ್ತ ತುಂಬೈತಿ. ಅದಕ್ಕ ಅರಳಾಕ ಜಾಗಾನ ಇಲ್ಲ," ಎಂದರು. ಬುಟ್ಟಿಯಡಿ ಮುಚ್ಚಿದ ಕೋಳಿಮರಿಯಂತೆ ಅದು ಒದ್ದಾಡುತ್ತಿತ್ತು. ಪರದೆ ನೋಡುತ್ತಲೇ ಉದ್ದನೆಯ ಸೂಜಿ ಚುಚ್ಚಿ ರಕ್ತ ಎಳೆದರು. ನನ್ನ ಕಣ್ಣೆದುರೇ ಹೃದಯ ಅರಳಿತು, ಕುಗ್ಗಿತು, ಮತ್ತೆ ಅರಳಿತು.

ನಾನು ಬೆರಗಾಗಿ ನಿಂತೆ. ದಿನಬೆಳಗಾದರೆ ಜಗಳಾಡುತ್ತಿದ್ದ ಈ ಮನುಷ್ಯನೊಳಗೆ ಇಂಥದ್ದೊಂದು ಒಂದು ದಿನವೂ ರಜೆಯಿಲ್ಲದೆ ದುಡಿಯುತ್ತಿತ್ತು. ಕೈ ಮುಗಿಯಬೇಕೆನಿಸಿತು, ಮುಗಿದೆ.

ಮತ್ತೆ ರಕ್ತ ತುಂಬಿದರೆ ಎದೆ ತೆರೆಯಬೇಕಾದೀತೆಂದು ಕಾದು ನೋಡಿದರು. ತುಂಬಲಿಲ್ಲ. ಮೂರನೆಯ ದಿನ ಊರಿಂದ ಸುದ್ದಿ ಬಂತು: ಮಾವ ಎತ್ತನ್ನು ಮಾರಿದ್ದರು. ಗಂಡ ಗೋಡೆಯತ್ತ ಮುಖ ತಿರುಗಿಸಿ ಅತ್ತರು.

"ಆಣಿ ಮುರದಿ," ಎಂದರು.

"ಹೌದ್ರಿ, ಮುರದೆ."

ಈ ಸಲ ನಾನೇ ಅವರ ಕೈ ಹಿಡಿದು ಅವರ ಎದೆಯ ಮೇಲಿಟ್ಟೆ.

"ನೋಡ್ರಿ. ಬಡ್ಯಾಕತ್ತೈತಿ."