ಕೌದಿ ಬಿಚ್ಚಿ ಉಟ್ಟ ಸೀರೆ

ಮಳೆಗಾಲ ಮುಗಿದ ಮೇಲೆ ಹಾಸಿಗೆ, ಹೊದಿಕೆಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುವುದು ನಮ್ಮ ಮನೆಯ ರೂಢಿ. ಮೊನ್ನೆ ಹಾಗೆ ಹಾಕುವಾಗ ಟ್ರಂಕಿನ ತಳದಿಂದ ಹಳೆಯ ಸೀರೆ, ಚಿಂದಿ ಸೇರಿಸಿ ಹೊಲಿದ ಒಂದು ಕೌದಿ ಹೊರಬಂತು. ಹಳೆಯ ಅರಿವೆ, ಒಣಗಿದ ಬೇವಿನ ಎಲೆ, ಅವುಗಳ ನಡುವೆ ಎಲ್ಲೋ ನೂಲಿಗೆ ಹಾಕಿದ ಗಂಜಿಯ ವಾಸನೆ... ಒಂದು ಮಗ್ಗುಲಿಗೆ ನೀಲಿ ಸೀರೆ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಒಳಗಿನ ಚಿಂದಿಗಳೆಲ್ಲ ಬಯಲಾಗಿ ಕಾಣುತ್ತವೆ. ಸೊಸೆ ನೋಡಿ, "ಅತ್ತಿ, ಈ ಕಡೆ ಒಂದು ಸೀರಿ ಹಚ್ಚಿ ಹೊಲಿಸಿದ್ರ ಚಲೋ ಆಗ್ತೈತಲ್ರಿ?" ಅಂದಳು. ನನಗೆ ಒಮ್ಮೆಲೇ ಸಿಟ್ಟು ಬಂತು. ಪಾಪ, ಸೊಸೆಯ ಮೇಲಲ್ಲ.

ಆ ಕೌದಿ ಬೆಟಗೇರಿಯಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಅಕ್ಕನದು. ಬಳಗದವಳೇನಲ್ಲ, ಓಣಿಯ ಹೆಂಗಸರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದೆವು. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಸೊಸೆಯಾಗಿ ಬಂದವಳು. ಗಂಡ ಗದಗಿನಲ್ಲಿ ಇನ್ನೊಂದು ಸಂಸಾರ ಹೂಡಿದ. ಯಾಕೆ ಎಂದು ಕೇಳಿದ್ದೇ ತಪ್ಪಾಗಿ, ಇವಳನ್ನೂ ಮಗಳನ್ನೂ ಹೊರಗೆ ಹಾಕಿದ. ಇವಳು ನೇಯುತ್ತಿದ್ದ ಮಗ್ಗ ಒಳಗೇ ಉಳಿಯಿತು. ನೆಲದ ಕುಣಿಯಲ್ಲಿ ಕೂರಿಸಿದ ಮಗ್ಗವನ್ನು ಕಂಕುಳಲ್ಲಿ ಇಟ್ಟುಕೊಂಡು ಬರಲು ಆಗುತ್ತದೆಯೇ? ಅಕ್ಕ ಮಂದಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟೆ ಹೊರೆಯತೊಡಗಿದಳು. ಮಗಳ ಶಾಲೆ ಬಿಡಿಸಬಾರದು, ಅವಳ ಹಟ ಅದೊಂದೇ.

ಹಿರಿಯರನ್ನು ಕೂಡಿಸಿದ್ದಾಯಿತು. ಅವರು ಚಹಾ ಕುಡಿದು, "ಹೆಣ್ಣಮಕ್ಕಳು ಸ್ವಲ್ಪ ತಾಳಿಕೋಬೇಕವಾ" ಎಂದು ಎದ್ದು ಹೋದರು. ಅಕ್ಕ ಜೀವನಾಂಶಕ್ಕೆ ಕೋರ್ಟಿಗೆ ಹಾಕಿದಳು. ನೋಟಿಸು ಕೈಗೆ ಬರುವ ಮೊದಲೇ ಆ ಮಹಾಶಯ ಮನೆ, ಮಗ್ಗ ಎಲ್ಲವನ್ನೂ ತಮ್ಮನ ಹೆಸರಿಗೆ ಮಾಡಿ ಕೈ ಝಾಡಿಸಿಕೊಂಡು ನಿಂತಿದ್ದ.

ಮೊದಲ ಸಲ ಕೋರ್ಟಿಗೆ ಅವಳ ಜೊತೆಗೆ ನಾನೂ ಹೋಗಿದ್ದೆ. ನೇಕಾರರ ಮನೆಯ ಹೆಣ್ಣುಮಕ್ಕಳು ಯಾವುದೇ ದೊಡ್ಡ ಕೆಲಸಕ್ಕೆ ಹೊರಟರೂ ತಮ್ಮ ಕೈಯಿಂದ ನೇಯ್ದ ಸೀರೆಯನ್ನೇ ಉಡುತ್ತಾರೆ, ಅದು ಅವರಿಗೆ ಮರ್ಯಾದೆ. ಅಕ್ಕ ತನ್ನ ಮದುವೆಗೆಂದು ತಾನೇ ನೇಯ್ದುಕೊಂಡಿದ್ದ ಹಸಿರು ಸೀರೆ ಉಟ್ಟು, ಕೆಂಪು ಸೆರಗು ಹೊದ್ದು ಬಂದಳು. ಅವಳ ಹತ್ತಿರ ಇದ್ದ ಒಳ್ಳೆಯ ಸೀರೆ ಅದೊಂದೇ. ಗಂಡ ಬಂದದ್ದು ಹೆಗಲಲ್ಲಿ ಹರಿದ ಅಂಗಿಯಲ್ಲಿ, ಹರಕು ಚಪ್ಪಲಿಯಲ್ಲಿ. ಜನ್ಮದಲ್ಲಿ ಅಂಥ ಅಂಗಿ ಹಾಕಿದವನಲ್ಲ ಅವನು! "ನಾನು ದಿನಗೂಲಿ ಮಾಡಾಂವರಿ, ಸಾಹೇಬ್ರ" ಎಂದು ಕೈಮುಗಿದ. ಅವನ ವಕೀಲ ಎದ್ದು ಅಕ್ಕನ ಕಡೆಗೆ ಕೈ ತೋರಿಸಿ, "ಇಂಥಾ ಸೀರಿ ಉಡೋ ಹೆಣ್ಣಮಗಳಿಗೆ ಯಾತರ ಜೀವನಾಂಶರೀ? ನೇಯಾಕ ಬರ್ತೈತಿ, ದುಡೀತಾಳ, ತಾನ ಹೇಳಾಕತ್ತೈತಲ್ಲ ಆ ಸೀರಿ" ಅಂದ. ಯಾರೋ ಹಿಂದೆ ನಕ್ಕರು. ಅವನ ಹರಕು ಅಂಗಿ ಖರೆ ಆಯಿತು, ಇವಳ ಸೀರೆ ಸುಳ್ಳುಗಾತಿಯ ಸೀರೆ ಆಯಿತು. ಹೊರಗೆ ಬಂದಾಗ ಆತ ಗೇಟಿನಾಚೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಹೊಸ ಮೋಟಾರ್‌ಸೈಕಲ್ಲಿಗೆ ಕಿಕ್ ಹೊಡೆದು ಹೋದ. ಒಳಗೆ ಕೂತವರಿಗೆ ಆ ಗಾಡಿ ಹೇಗೆ ಕಾಣಬೇಕು?

ನಮ್ಮ ವಕೀಲರು ಒಳ್ಳೆಯವರೇ. ಅಕ್ಕನನ್ನು ಬದಿಗೆ ಕರೆದು, "ಅಕ್ಕಾರ, ಮುಂದಿನ ಸಲ ಹರಕ ಸೀರಿ ಉಟ್ಕೊಂಡ ಬರ್ರಿ. ನೋಡಿದ ಕೂಡ್ಲೆ ತಿಳೀಬೇಕು" ಅಂದರು. ಮನೆ ಮುಟ್ಟಿದ ಮೇಲೆ ಅಕ್ಕ ಅಂದಳು, "ಹರಕ ಸೀರಿ ಎಲ್ಲಿಂದ ತರ್ಲಿ ತಂಗಿ? ನಮ್ಮ ಮನ್ಯಾಗ ಹರಿದ ಕೂಡ್ಲೆ ಕೌದಿಗೆ ಹಾಕಿಬಿಡ್ತೀವಿ."

ನನ್ನದು ಕೊಡುತ್ತೇನೆ ಅಂದೆ. ಮಂದಿಯ ಹರಕು ಉಡಲು ಅವಳು ಒಪ್ಪಲಿಲ್ಲ. ಹೊಸ್ತಿಲಲ್ಲಿ ಕೂತು, ಮಗಳು ಹೊದೆಯುತ್ತಿದ್ದ ಈ ಕೌದಿಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮೇಲಿನ ಮಾಸಿದ ಸೀರೆಯನ್ನು ತೆಗೆದಳು. ಉಳಿದದ್ದು ಚದುರಬಾರದೆಂದು ಮತ್ತೆ ಸೂಜಿಯಿಂದ ಉದ್ದುದ್ದ ಟಾಕಿ ಹಾಕಿದಳು. ಮುಂದಿನ ತಾರೀಖಿಗೆ ಅದನ್ನೇ ಉಟ್ಟು ನಿಂತಾಗ ಸೀರೆಯ ತುಂಬ ಸೂಜಿಯ ತೂತುಗಳ ಸಾಲು. ಈಗ ಎಲ್ಲರಿಗೂ ಅವಳ ಕಷ್ಟ ಅರ್ಥವಾಯಿತು! ಕಷ್ಟದಲ್ಲಿದ್ದೇನೆ ಎಂದು ಅವಳು ಮೊದಲ ದಿನವೇ ಬಾಯಿ ಬಿಟ್ಟು ಹೇಳಿದ್ದಳಲ್ಲ, ಆಗ ಎಲ್ಲರ ಕಿವಿಗೆ ಏನಾಗಿತ್ತು?

ಜೀವನಾಂಶ ಕೊಡಬೇಕೆಂದು ಆದೇಶವಾಯಿತು. ಓಣಿಯಲ್ಲಿ ಸಕ್ಕರೆ ಹಂಚಿದೆವು, ಹುಚ್ಚರು ನಾವು. ಆದೇಶವಾದರೆ ಗಂಡ ಕೊಡುತ್ತಾನೆ ಅಂದುಕೊಂಡಿದ್ದೆವು. ಅವನು ಕೊಡಲಿಲ್ಲ. ಕೊಟ್ಟಿಲ್ಲ ಎಂದು ಹೇಳಲು ಮತ್ತೊಂದು ಅರ್ಜಿ, ಮತ್ತೆ ತಾರೀಖು. ವಾರಂಟು ಬರುತ್ತದೆ ಅಂದಾಗ ಅವನು ಚೂರು ಹಣ ಕಟ್ಟುವುದು, ಮರುದಿನದಿಂದ ಮತ್ತೆ ಕಾಣೆಯಾಗುವುದು. ಹೀಗೆ ಅಲೆಯುವುದರೊಳಗೆ ಮಗಳ ಶಾಲೆ ಬಿಟ್ಟೇಹೋಯಿತು. ಬಿಡಿಸಿದ್ದು ಅಕ್ಕನಲ್ಲ. ಒಂದು ಮುಂಜಾನೆ ಹುಡುಗಿ ತಾನೇ ಪಾಟಿಚೀಲ ಗೂಟಕ್ಕೆ ಹಾಕಿ, ಅವ್ವನ ಎದುರಿಗೆ ಕಂಡಿಕೆ ಸುತ್ತಲು ಕೂತಳು. ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ತೂತುಗಳ ಆ ಸೀರೆಯನ್ನು ಅಕ್ಕ ಬಾಗಿಲಲ್ಲಿ ಕಾಲೊರಸು ಮಾಡಿ ಹಾಕಿದಳು. ಕೌದಿಗೆ ಮತ್ತೆ ಹಚ್ಚಲೇ ಇಲ್ಲ. ಯಾಕೆ ಅಂದರೆ, "ಬ್ಯಾಡ. ಅಲ್ಲಿ ನನ್ನ ಮಾತು ಯಾರೂ ಕೇಳ್ಲಿಲ್ಲ, ನನ್ನ ಸೀರಿ ನೋಡಿದ್ರು. ಅದನ್ನ ನನ್ನ ಮಗಳಿಗೆ ಹೊಚ್ಚಂಗಿಲ್ಲ" ಅಂದಳು.

ಅಕ್ಕ ತೀರಿಹೋಗಿ ಬಹಳ ಕಾಲವಾಯಿತು. ಬರಬೇಕಾದ ಬಾಕಿ ಬಾಕಿಯಾಗಿಯೇ ಉಳಿಯಿತು. ಮಗಳನ್ನು ಶಿರಹಟ್ಟಿಗೆ ಕೊಟ್ಟಿದ್ದಾರೆ. ಖೋಲಿ ಖಾಲಿ ಮಾಡುವಾಗ ಅವಳೇ ಈ ಕೌದಿ ತಂದು, "ಇದನ್ನ ನೋಡಿದ್ರ ನನಗ ತಡಿಯಾಂಗಿಲ್ಲ ಕಾಕಿ, ನೀವ ಇಟ್ಕೋರಿ" ಎಂದು ನನ್ನ ಮಡಿಲಿಗೆ ಹಾಕಿ ಹೋದಳು. ಹಸಿರು ಸೀರೆ ಮಾತ್ರ ತನ್ನ ಜೊತೆಗೆ ಒಯ್ದಳು...

ಇಷ್ಟನ್ನೂ ಮಾಳಿಗೆಯ ಮೇಲೆ ಕೂತು ಸೊಸೆಗೆ ಹೇಳಿದೆ. ಅವಳು ಕೌದಿಯ ಬರಿದಾದ ಮಗ್ಗುಲ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಆಮೇಲೆ, "ಅತ್ತಿ, ಆ ಹುಡುಗಿಗೆ ಓದೋ ಆಸೆ ಇತ್ತೇನ್ರಿ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ಕೇಳಿದವಳು ಇವಳೇ ಮೊದಲು. ಕೋರ್ಟಿನಲ್ಲಿ ಒಬ್ಬರೂ ಕೇಳಿರಲಿಲ್ಲ.